ಕೊಬ್ಬರಿ ಅಟ್ಟದಲ್ಲಿ ರಾತ್ರಿ ಓಡಾಡುವ ಪ್ರಾಣಿ ಯಾವುದು? ಹೊರಗೆ ಕಳಿಸುವುದು ಹೇಗೆ?

ತೋಟದಮನೆ (ಗುಬ್ಬಿ ತಾಲ್ಲೂಕು)

ಚೇಳೂರು ಕಡೆಯ ಹಳೇ ಮಂಗಳೂರು ಹೆಂಚಿನ ಮನೆ. ಅಡುಗೆಮನೆ, ಪಡಸಾಲೆ ಎರಡರ ಮೇಲೂ ಅಟ್ಟ ಇದೆ. ಬಿದಿರು ಗಳದ ಮೇಲೆ ಅಡಿಕೆ ದಬ್ಬೆ ಹಾಸಿದ್ದು. ಉಂಡೆ ಕೊಬ್ಬರಿಗೆ ಅಂತ ಸುಮಾರು 5,000 ಕಾಯಿ ಸಿಪ್ಪೆ ಸಮೇತ ಮೇಲಿವೆ, ಹಾಕಿ 7 ತಿಂಗಳಾಯಿತು. ಇಳಿಸುವುದಕ್ಕೆ ಇನ್ನೂ 3-4 ತಿಂಗಳು ಬೇಕು. ಹಾಗಾಗಿ ಅಟ್ಟ ಖಾಲಿ ಮಾಡಿ ಹುಡುಕುವ ಹಾಗಿಲ್ಲ.

ಕಂಡದ್ದು, ಕೇಳಿದ್ದು ಇಷ್ಟು:

ಸಂಜೆ ಏಳೂವರೆ, ಎಂಟರ ಹೊತ್ತಿಗೆ ಹೆಂಚಿನ ಮೇಲೆ ಧಪ್ ಅಂತ ಒಂದು ಸದ್ದು. ಆಮೇಲೆ ಬೆಳಗಿನ ಜಾವ ಮತ್ತೆ ಅದೇ ಸದ್ದು, ಭಾರವಾದ ನಡಿಗೆ. ನಡುರಾತ್ರಿ ಬಹುತೇಕ ಮೌನ. ಆದರೆ ಅಡುಗೆಮನೆ ಮೇಲಿನ ಮೂಲೆಯಲ್ಲಿ ಮಾತ್ರ ರಾತ್ರಿಯಿಡೀ ಪರಪರ ಕೆರೆಯುವ ಸದ್ದು ಇರುತ್ತದೆ.

ಪೂರ್ವದ ಗೋಡೆಯ ತಲೆಯ ಮೇಲೆ, ಒಂದೇ ಜಾಗದಲ್ಲಿ, ಬೆರಳು ಗಾತ್ರದ ಲದ್ದಿ ರಾಶಿಯಾಗಿದೆ. ತುಂಬಾ ನೇರಳೆ ಬೀಜ, ಸಪೋಟ ಬೀಜ. ಕಾಯಿ ರಾಶಿಯ ನಡುವೆ ಬೇರೆ ಥರದ ಸಣ್ಣ ಕರಿ ಹಿಕ್ಕೆ. ಕೆಲವು ಕಾಯಿಯ ಸಿಪ್ಪೆ ಹರಿದು ನಾರು ಹೊರಗೆ ಬಂದಿದೆ. ಪಡಸಾಲೆಯ ಮರದ ಹಲಗೆಯಲ್ಲಿ ಹಳದಿ ಕಲೆ, ಘಾಟು ವಾಸನೆ.

ಹಲಸಿನ ಮರದ ಒಂದು ಕೊಂಬೆ ಮಾಡಿಗೆ ತಾಗುತ್ತದೆ. ಕೋತಿಗಳು ಸರಿಸಿದ ಗಾಜಿನ ಹೆಂಚಿನ ಪಕ್ಕ ಅಂಗೈ ಅಗಲದ ಸಂದು ಇದೆ.

ಊರಿನಲ್ಲಿ ಒಬ್ಬರು ಇಲಿ ಪಾಷಾಣ ಇಡಿ ಅಂತಾರೆ, ಇನ್ನೊಬ್ಬರು ಒಣಮೆಣಸಿನಕಾಯಿ ಹೊಗೆ ಹಾಕಿ ಅಂತಾರೆ. ಮೇಲೆ ತಿನ್ನುವ ಪದಾರ್ಥ ಇರುವುದರಿಂದ ಕೈ ಹಾಕುವ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆದಿದ್ದೇನೆ.

---

ಇರುಳುನಡೆ (ತುಮಕೂರು)

ಪಾಷಾಣ, ಹೊಗೆ ಎರಡೂ ಬೇಡ. ಕಾರಣ ಆಮೇಲೆ ನೋಡೋಣ. ಮೊದಲು ಯಾರಿದ್ದಾರೆ ಅನ್ನುವುದು.

ನಿಮ್ಮ ಅಟ್ಟದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ದೊಡ್ಡದು ಮರಬೆಕ್ಕು. ನಮ್ಮ ಕಡೆ ಕಾಡುಬೆಕ್ಕು, ಪುನುಗು ಅಂತಲೂ ಕರೆಯುತ್ತಾರೆ. ಕಪ್ಪು ಮುಖ, ಬೂದು ಮೈ, ಬೆನ್ನ ಮೇಲೆ ಸಾಲಾಗಿ ಕಪ್ಪು ಚುಕ್ಕೆ, ಮೈಯಷ್ಟೇ ಉದ್ದದ ಕಪ್ಪು ಬಾಲ. ತೂಕ 2ರಿಂದ 5 ಕೆಜಿ. ಬಾಲದಲ್ಲಿ ಬಳೆಯಂತೆ ಪಟ್ಟೆಗಳಿದ್ದರೆ ಅದು ಇನ್ನೊಂದು ಜಾತಿ. ಅದು ಹೆಚ್ಚಾಗಿ ನೆಲದ ಮೇಲೆ, ಪೊದೆ, ಬಿಲಗಳಲ್ಲಿ ಇರುವಂಥದ್ದು, ಅಟ್ಟ ಹತ್ತುವುದು ಕಡಿಮೆ.

ಮರಬೆಕ್ಕು ಅನ್ನುವುದಕ್ಕೆ ಮುಖ್ಯ ಆಧಾರ ಲದ್ದಿ. ಹಣ್ಣಿನ ಬೀಜ ಅರಗದೆ ಹಾಗೇ ಹೊರಬರುವುದು, ಗೋಡೆ ತಲೆ, ತೊಲೆ, ಬಂಡೆಯಂಥ ಎತ್ತರದ ಜಾಗದಲ್ಲಿ ಮತ್ತೆ ಮತ್ತೆ ಹಾಕುವುದು ಅದರ ಗುಣ. ಮನೆ ಬೆಕ್ಕಿನ ಮಲದಲ್ಲಿ ಬೀಜ ಇರುವುದಿಲ್ಲ, ಅದು ಮುಚ್ಚಿಯೂ ಹೋಗುತ್ತದೆ. ಸದ್ದಿನ ಹೊತ್ತೂ ಹೊಂದುತ್ತದೆ. ಕತ್ತಲಾದ ಮೇಲೆ ಹೊರಟು, ರಾತ್ರಿ ತೋಟದಲ್ಲಿ ಮೇದು, ಬೆಳಕು ಹರಿಯುವ ಮುಂಚೆ ಮರಳುತ್ತದೆ. ಹಗಲೆಲ್ಲಾ ನಿದ್ದೆ.

ರಾತ್ರಿಯಿಡೀ ಕೆರೆಯುವ ಸದ್ದು, ಸಣ್ಣ ಹಿಕ್ಕೆ, ಹರಿದ ಸಿಪ್ಪೆ ಇವೆಲ್ಲ ಇಲಿಯದು. ಸೂರಿನಲ್ಲಿ ಓಡಾಡುವ ಉದ್ದ ಬಾಲದ ಕರಿ ಇಲಿ. ಹಿಕ್ಕೆ ಸುಮಾರು 1 ಸೆಂ.ಮೀ., ಎರಡೂ ತುದಿ ಚೂಪು. ಹೆಗ್ಗಣ ಆಗಿದ್ದರೆ ನೆಲದಲ್ಲಿ ಮಣ್ಣು ಗುಡ್ಡೆ ಕಾಣಬೇಕಿತ್ತು, ಅದು ಅಟ್ಟಕ್ಕೆ ಬರುವುದು ಅಪರೂಪ.

ಇದೇ ಪ್ರಶ್ನೆ ಇರುವ ಬೇರೆಯವರಿಗೂ ಆಗಲಿ ಅಂತ ಉಳಿದ ಗುರುತುಗಳನ್ನೂ ಹೇಳುತ್ತೇನೆ. ಸದ್ದು ಹಗಲು ಹೊತ್ತು ಮಾತ್ರ ಇದ್ದು, ನಾರು, ಹತ್ತಿ, ಚಿಂದಿ ಸೇರಿಸಿದ ಉಂಡೆಯಂಥ ಗೂಡು ಸಿಕ್ಕರೆ ಅಳಿಲು. ಸೀನಿದಂತೆ, ಬುಸ್ ಅಂದಂತೆ ಉದ್ದನೆಯ ಸದ್ದು ಬಂದು, ಕೆಳಗೆ ಹೆಬ್ಬೆರಳು ಗಾತ್ರದ ಕಪ್ಪು ಉಂಡೆಗಳಲ್ಲಿ ಇಲಿಯ ಮೂಳೆ, ತಲೆಬುರುಡೆ, ಕೂದಲು ಸಿಕ್ಕರೆ ಕಣಜ ಗೂಬೆ. ಆ ಬುಸ್ ಸದ್ದನ್ನು ಹಾವು ಅಂದುಕೊಂಡು ಗಾಬರಿಯಾಗುವವರು ಬಹಳ. ನಿಜವಾದ ಹಾವಿನ ಗುರುತು ಪೊರೆ. ಅಟ್ಟದಲ್ಲಿ ಪೊರೆ ಸಿಕ್ಕಿದರೆ ಅದು ಇಲಿಯ ಹಿಂದೆ ಬಂದದ್ದು, ಹೆಚ್ಚಾಗಿ ಕೇರೆ. ನಾಗರವೂ ಬರಬಹುದಾದ್ದರಿಂದ ಕಾಯಿ ರಾಶಿಯೊಳಗೆ ಬರಿಗೈ ತೂರಿಸಬೇಡಿ.

ಖಾತ್ರಿಗೆ ಒಂದು ಕೆಲಸ ಮಾಡಿ. ಒಲೆ ಬೂದಿಯನ್ನು ಜರಡಿ ಹಿಡಿದು, ಆ ಸಂದಿನ ಒಳಗಡೆ ಮತ್ತು ಲದ್ದಿಯ ಹತ್ತಿರ ಒಂದು ಹಲಗೆಯ ಮೇಲೆ 2-3 ಮಿ.ಮೀ. ದಪ್ಪ ಹರಡಿ. ಹಿಟ್ಟು ಬೇಡ, ಇಲಿ, ಜಿರಳೆ, ಇರುವೆ ಬಂದು ಗುರುತು ಕೆಡಿಸುತ್ತವೆ. ಬೆಳಿಗ್ಗೆ ಹೆಜ್ಜೆ ನೋಡಿ. ಐದು ಬೆರಳಿದ್ದರೆ ಮರಬೆಕ್ಕು, ನಾಲ್ಕಿದ್ದರೆ ಬೆಕ್ಕು. ಹೆಜ್ಜೆ ಯಾವ ದಿಕ್ಕಿಗಿದೆ ಅನ್ನುವುದನ್ನೂ ನೋಡಿ, ಹೋದ ಗುರುತು ಮಾತ್ರ ಇದೆಯೋ, ಬಂದದ್ದೂ ಇದೆಯೋ ಅಂತ.

ಅದಕ್ಕಿಂತ ಮುಖ್ಯವಾಗಿ, ಮರಬೆಕ್ಕು ಹೊರಗೆ ಹೋದ ಮೇಲೆ ರಾತ್ರಿ 9ರ ಸುಮಾರಿಗೆ ಅಟ್ಟದ ಏಣಿಯ ಮೇಲೆ 20 ನಿಮಿಷ ಸದ್ದಿಲ್ಲದೆ ಕೂತು ಕೇಳಿ. ಕೀಚು ದನಿ, ಬೆಕ್ಕಿನ ಮರಿಯಂಥ ಮಿಯಾವ್ ಕೇಳಿದರೆ ಮರಿಗಳಿವೆ. ಇವು ಮರಿ ಹಾಕುವುದಕ್ಕೆ ಇಂಥದೇ ತಿಂಗಳು ಅಂತಿಲ್ಲ. ಮರಿ ಇದೆಯೋ ಇಲ್ಲವೋ ತಿಳಿಯುವ ತನಕ ಯಾವ ಸಂದನ್ನೂ ಮುಚ್ಚಬೇಡಿ. ತಾಯಿ ಹೊರಗುಳಿದು ಮರಿ ಒಳಗುಳಿದರೆ ಅದು ಹೆಂಚು ಕಿತ್ತು, ದಬ್ಬೆ ಕೆರೆದು ಒಳಗೆ ನುಗ್ಗಲು ನೋಡುತ್ತದೆ. ಅದಾಗದಿದ್ದರೆ ಮರಿಗಳು ಹಸಿವಿನಿಂದ ಸತ್ತು ಕಾಯಿ ರಾಶಿಯ ಕೆಳಗೆ ಕೊಳೆಯುತ್ತವೆ. ಪ್ರಾಣಿಗೂ ಹಿಂಸೆ, ಕೊಬ್ಬರಿಗೂ ನಷ್ಟ.

---

ಬಯಲುಸೀಮೆ_ಕಾಯ್ದೆ (ಮಧುಗಿರಿ)

ಮೇಲಿನ ಉತ್ತರಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. ಮರಬೆಕ್ಕು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಆ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ, ಬೋನಿಗೆ ಹಾಕುವುದು, ಉರುಳು ಒಡ್ಡುವುದು, ವಿಷ ಇಡುವುದು, ಅದಕ್ಕೆ ಪ್ರಯತ್ನಿಸುವುದು ಎಲ್ಲವೂ ಬರುತ್ತದೆ. ಆದ್ದರಿಂದ ಬೋನಿನಲ್ಲಿ ಹಿಡಿದು ದೇವರಾಯನದುರ್ಗದ ಕಾಡಿಗೆ ಬಿಟ್ಟು ಬರುತ್ತೇವೆ ಅನ್ನುವುದೂ ಅನುಮತಿಯಿಲ್ಲದೆ ಮಾಡುವ ಹಾಗಿಲ್ಲ. ಹಾಗೆ ಬಿಟ್ಟರೆ ಪ್ರಯೋಜನವೂ ಇಲ್ಲ. ಗುರುತಿಲ್ಲದ ಜಾಗದಲ್ಲಿ ಅದು ಬದುಕುವುದು ಕಷ್ಟ, ಇತ್ತ ಸಂದು ತೆರೆದೇ ಇದ್ದರೆ ಅದೇ ಅಟ್ಟಕ್ಕೆ ಇನ್ನೊಂದು ಬರುತ್ತದೆ.

ಪ್ರಾಣಿ ಗಾಯಗೊಂಡಿದ್ದರೆ, ಕೋಣೆಯೊಳಗೆ ಸಿಕ್ಕಿಹಾಕಿಕೊಂಡಿದ್ದರೆ, ತಾಯಿಯಿಲ್ಲದ ಮರಿ ಸಿಕ್ಕಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಮರಿಯನ್ನು ಮನೆಯಲ್ಲಿ ಸಾಕುವುದೂ ಅಪರಾಧವೇ.

ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಕಾಡುಪ್ರಾಣಿಯ ಕಡಿತವನ್ನು ರೇಬಿಸ್ ಚಿಕಿತ್ಸೆಯಲ್ಲಿ ಗಂಭೀರ ವರ್ಗಕ್ಕೇ ಸೇರಿಸುತ್ತಾರೆ. ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದೂ ಬೇಕಾಗುತ್ತದೆ. ಅರಿಶಿನ, ಸುಣ್ಣ, ಖಾರ ಹಚ್ಚಬೇಡಿ.

---

ತೋಟದಮನೆ (ಗುಬ್ಬಿ ತಾಲ್ಲೂಕು)

ಬೂದಿ ಹಾಕಿ ನೋಡಿದ್ದಾಯಿತು. ಐದು ಬೆರಳು ಸ್ಪಷ್ಟವಾಗಿವೆ, ಹೋದದ್ದೂ ಬಂದದ್ದೂ ಇದೆ. ರಾತ್ರಿ ಏಣಿಯ ಮೇಲೆ ಕೂತಾಗ ಪಡಸಾಲೆ ಮೇಲಿನ ಪಶ್ಚಿಮ ಮೂಲೆಯಿಂದ ಕೀಚು ದನಿ ಬಂತು. ಒಂದಕ್ಕಿಂತ ಹೆಚ್ಚು ಮರಿ ಇರಬೇಕು. ಅಡುಗೆಮನೆ ಮೂಲೆಯಲ್ಲಿ ಇಲಿಯ ಸಣ್ಣ ಹೆಜ್ಜೆ ಬೇಕಾದಷ್ಟು.

ಮುಂದೇನು? ಹಲಸಿನ ಕೊಂಬೆ ಈಗಲೇ ಕಡಿಸಲೇ? ಅಂಗಡಿಯಲ್ಲಿ ಪ್ಲಗ್‌ಗೆ ಚುಚ್ಚುವ, ಕಿವಿಗೆ ಕೇಳಿಸದ ಸದ್ದು ಮಾಡುವ ಯಂತ್ರ ತೋರಿಸಿದರು. ಅದು ಕೆಲಸ ಮಾಡುತ್ತದೆಯೇ?

---

ಇರುಳುನಡೆ (ತುಮಕೂರು)

ಕೊಂಬೆ ಈಗ ಕಡಿಯಬೇಡಿ. ತಾಯಿ ಓಡಾಡುವುದೂ, ಮುಂದೆ ಮರಿ ಹಿಂದೆ ಕಟ್ಟಿಕೊಂಡು ಇಳಿಯುವುದೂ ಅದೇ ದಾರಿಯಲ್ಲಿ. ಈಗ ಕಡಿದರೆ ತಾಯಿ ಗೋಡೆ ಹತ್ತಿ ಬಂದೀತು, ಮರಿಗಳು ಮಾತ್ರ ಮಾಡಿನ ಮೇಲೆಯೇ ಸಿಕ್ಕಿಹಾಕಿಕೊಳ್ಳುತ್ತವೆ.

ನನ್ನ ಸಲಹೆ ಕಾಯುವುದು. ಮರಿಗಳು ತಾಯಿಯ ಜೊತೆ ಹೊರಗೆ ಓಡಾಡಲು 2-3 ತಿಂಗಳು. ನಿಮ್ಮ ಕೊಬ್ಬರಿ ಇಳಿಯುವುದಕ್ಕೂ 3-4 ತಿಂಗಳಿದೆ. ಸಿಪ್ಪೆ ಸಮೇತ ಇರುವ ಬಲಿತ ಕಾಯಿಯನ್ನು ಮರಬೆಕ್ಕು ಒಡೆಯುವುದಿಲ್ಲ, ಅದಕ್ಕೆ ಬೇಕಾದ್ದು ಹಣ್ಣು, ಇಲಿ, ಹುಳು. ಅದರಿಂದ ನಿಮಗೆ ಆಗುತ್ತಿರುವ ನಷ್ಟ ಮೂತ್ರದ್ದು ಮಾತ್ರ. ಲದ್ದಿ ಬೀಳುವ ಜಾಗದ ಕೆಳಗೆ, ಮರಿಗಳಿರುವ ಮೂಲೆಯನ್ನು ಬಿಟ್ಟು, ಹಳೇ ಟಾರ್ಪಾಲು ಹಾಸಿ. ಅಕ್ಕಪಕ್ಕದ ಕಾಯಿಯನ್ನು 2-3 ಅಡಿ ಸರಿಸಿದರೆ ಸಾಕು.

ಕಾಯುವುದಕ್ಕೆ ಆಗದವರು, ಅಂದರೆ ಕೆಳಗೆ ಕೂಸು, ಕಾಯಿಲೆಯವರು ಇರುವವರು, ಹಗಲಿನ ನಿದ್ದೆ ಕೆಡಿಸುವ ದಾರಿ ಹಿಡಿಯಬಹುದು. ಇಲ್ಲಿ ಎಲ್ಲರೂ ತಪ್ಪುವುದು ಹೊತ್ತಿನಲ್ಲಿ. ರಾತ್ರಿ ದೀಪ ಹಾಕಿ, ಡಬ್ಬ ಬಡಿಯುತ್ತಾರೆ. ಆ ಹೊತ್ತಿಗೆ ಅದು ತೋಟದಲ್ಲಿರುತ್ತದೆ. ಅಟ್ಟ ಅದಕ್ಕೆ ಬೇಕಾಗಿರುವುದು ಹಗಲು ಹೊತ್ತಿನಲ್ಲಿ, ಅಲ್ಲಿನ ಕತ್ತಲು ಮತ್ತು ಮೌನಕ್ಕಾಗಿ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ 9 ವ್ಯಾಟಿನ ಎಲ್ಇಡಿ ಬಲ್ಬ್ ಉರಿಯಲಿ, ಆಕಾಶವಾಣಿಯ ಮಾತು ಸಣ್ಣ ದನಿಯಲ್ಲಿ ಕೇಳಿಸುತ್ತಿರಲಿ. ಎರಡೂ ಮರಿಯಿರುವ ಮೂಲೆಯಿಂದ ಕನಿಷ್ಠ 10-12 ಅಡಿ ದೂರ ಇರಲಿ. ತಾಯಿಗೆ ಜಾಗ ಸರಿಯಿಲ್ಲ ಅನ್ನಿಸಿದರೆ ರಾತ್ರಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬೇರೆ ಪೊಟರೆಗೆ ಸಾಗಿಸುತ್ತದೆ. 4-5 ರಾತ್ರಿ ಹಿಡಿಯಬಹುದು. ಹಳೇ ಬಿಸಿ ಬಲ್ಬ್ ಬಳಸಬೇಡಿ, ನಾರಿನ ಧೂಳು ಹೊತ್ತಿಕೊಳ್ಳುತ್ತದೆ. ವೈರನ್ನು ಕಾಯಿ ಮೇಲೆ ಎಳೆಯದೆ ತೊಲೆಯಿಂದ ನೇತುಹಾಕಿ, ಇಲಿ ಕಡಿದರೆ ಬೆಂಕಿಗೆ ಅದೇ ಸಾಕು.

ಮೆಣಸಿನಕಾಯಿ ಹೊಗೆ ಏಕೆ ಬೇಡ ಅಂದರೆ, ತಾಯಿ ಓಡಿಹೋಗುತ್ತದೆ, ಓಡಲಾರದ ಮರಿಗಳು ಉಸಿರುಗಟ್ಟುತ್ತವೆ. ಆ ಘಾಟು ಸಿಪ್ಪೆಗೆ ಹಿಡಿಯುತ್ತದೆ. ನುಸಿ ಗುಳಿಗೆ ಇನ್ನೂ ಕೆಟ್ಟದ್ದು, ಅದರ ವಾಸನೆ ಕೊಬ್ಬರಿ ಎಣ್ಣೆಗೆ ಸೇರಿದರೆ ಮಾಲು ಹೋಗುವುದಿಲ್ಲ, ಕೆಳಗೆ ಮಲಗುವ ಮಕ್ಕಳಿಗೂ ಆ ಆವಿ ಒಳ್ಳೆಯದಲ್ಲ.

ಆ ಪ್ಲಗ್ ಯಂತ್ರಕ್ಕೆ ದುಡ್ಡು ಹಾಕಬೇಡಿ. ಆ ಸದ್ದು ಕಾಯಿ ರಾಶಿ, ತೊಲೆ, ಹಲಗೆ ದಾಟುವುದಿಲ್ಲ, ಎದುರಿಗಿರುವ ಇಲಿಗಳೂ ಸ್ವಲ್ಪ ದಿನದಲ್ಲಿ ಅದಕ್ಕೆ ಹೊಂದಿಕೊಳ್ಳುತ್ತವೆ.

---

ಹೆಂಚುಕೆಲಸ (ಮಾಲೂರು)

ಮುಚ್ಚುವ ಕೆಲಸದ ಬಗ್ಗೆ ನಾನು ಬರೆಯುತ್ತೇನೆ. ಮರಿಗಳು ಹೋಗುವ ತನಕ ಸುಮ್ಮನೆ ಕೂರಬೇಕಿಲ್ಲ. ಗಾಜಿನ ಹೆಂಚಿನ ಪಕ್ಕದ ಆ ಒಂದು ಸಂದು ಬಿಟ್ಟು ಉಳಿದೆಲ್ಲವನ್ನೂ ಈಗಲೇ ಮುಗಿಸಬಹುದು. ಕೊನೆಗೆ ಒಂದೇ ಬಾಗಿಲು ಉಳಿಯಬೇಕು.

ಸಂದು ಹುಡುಕುವುದಕ್ಕೆ ಬಿಸಿಲಿನ ಮಧ್ಯಾಹ್ನ ಅಟ್ಟದ ದೀಪ ಆರಿಸಿ ನೋಡಿ, ಬೆಳಕು ಬರುವಲ್ಲೆಲ್ಲಾ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಪ್ರಾಣಿ ಉಜ್ಜಿ ಹೋಗುವ ಸಂದಿನ ಅಂಚು ಕಪ್ಪಾಗಿ ಜಿಡ್ಡಾಗಿರುತ್ತದೆ, ರೀಪಿನ ಸೀಳಿನಲ್ಲಿ ಕೂದಲು ಸಿಕ್ಕಿರುತ್ತದೆ. ಮರಬೆಕ್ಕಿಗೆ 8-10 ಸೆಂ.ಮೀ. ಸಂದು ಸಾಕು. ದೊಡ್ಡ ಇಲಿಗೆ 2 ಸೆಂ.ಮೀ., ಚಿಕ್ಕ ಸುಂಡಿಲಿಗೆ ಪೆನ್ಸಿಲ್ ದಪ್ಪದ ಸಂದೂ ಸಾಕು.

ಜಾಲರಿ ತರುವಾಗ ಅರ್ಧ ಇಂಚು ಕಣ್ಣಿನ, 18 ಅಥವಾ 19 ಗೇಜಿನ, ಸತು ಲೇಪದ ವೆಲ್ಡ್ ಮೆಶ್ ಕೇಳಿ. ಕೋಳಿ ಜಾಲರಿ ಬೇಡ, ತಂತಿ ಸಣ್ಣ, ಎಳೆದರೆ ಕಣ್ಣು ಅಗಲವಾಗುತ್ತದೆ. ಪ್ಲಾಸ್ಟಿಕ್ ಬಲೆ, ಡಬ್ಬಿಯಿಂದ ಊದುವ ಫೋಮ್ ಎರಡನ್ನೂ ಇಲಿ ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಅಡುಗೆಮನೆ ಮೇಲಿನ ಭಾಗಕ್ಕೆ ಮಾತ್ರ ಕಾಲು ಇಂಚಿನ ಕಣ್ಣಿನದು ಹಾಕಿಸಿ.

ಸೂರಿನ ಕಡೆ ಗೋಡೆ ತಲೆಗೂ ಹೆಂಚಿಗೂ ನಡುವಿನ ಸಂದು ಉದ್ದಕ್ಕೂ ಇರುತ್ತದೆ. ಜಾಲರಿಯನ್ನು ಒಂದು ಅಡಿ ಅಗಲದ ಪಟ್ಟಿಯಾಗಿ ಕತ್ತರಿಸಿ, ಎಲ್ ಆಕಾರಕ್ಕೆ ಮಡಚಿ. ಕೆಳಗಿನ 2 ಇಂಚು ಗೋಡೆ ತಲೆಯ ಮೇಲೆ ಕೂತು 1:3 ಸಿಮೆಂಟ್ ಗಾರೆಯಲ್ಲಿ ಹುದುಗಲಿ. ಮೇಲಿನ ಅಂಚು ರೀಪಿಗೆ ಯು ಮೊಳೆಯಲ್ಲಿ, 4 ಇಂಚಿಗೊಂದು. ಹೆಂಚಿಗೆ ಏನನ್ನೂ ಬಿಗಿಯಬೇಡಿ. ಮುಂದೆ ಹೆಂಚು ಕೈಯಾಡಿಸುವಾಗ ಒಂದು ಹೆಂಚು ಎತ್ತಿದರೆ ಸಾಲು ಜಾಲರಿಯೇ ಕಿತ್ತು ಬರುತ್ತದೆ. ಪಟ್ಟಿಗಳು ಸೇರುವಲ್ಲಿ 3 ಇಂಚು ಒಂದರ ಮೇಲೊಂದು ಬಂದು, ಕಟ್ಟುವ ತಂತಿಯಿಂದ ಹೆಣೆದಿರಬೇಕು. ಇಲಿ ನುಗ್ಗುವುದೇ ಸೇರಿಕೆಯಲ್ಲಿ.

ಜಾಲರಿ ಯಾಕೆ, ಸಂದಿಗೆಲ್ಲಾ ಗಾರೆ ಮೆತ್ತಿಬಿಡೋಣ ಅನ್ನುವ ಮೇಸ್ತ್ರಿಗಳಿದ್ದಾರೆ. ಕೊಬ್ಬರಿ ಅಟ್ಟಕ್ಕೆ ಅದು ಸಲ್ಲ. ಗಾಳಿ ಆಡದಿದ್ದರೆ ಕಾಯಿಯಿಂದ ಬರುವ ತೇವ ಅಲ್ಲೇ ನಿಂತು ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ, ತೊಲೆ, ಪಕ್ಕಾಸಿನ ತುದಿಗಳು ಲಡ್ಡಾಗುತ್ತವೆ.

ಒಡೆದ ಹೆಂಚು ಬದಲಾಯಿಸಿ. ಕೋತಿ ಸರಿಸುವ ಜಾಗದಲ್ಲಿ ಹೆಂಚಿನ ಹಿಂಬದಿಯ ಕಿವಿಯಲ್ಲಿರುವ ತೂತಿಗೆ ತಂತಿ ಪೋಣಿಸಿ ರೀಪಿಗೆ ಕಟ್ಟಿ. ಎಲ್ಲಾ ಹೆಂಚಿಗೂ ಬೇಕಾಗಿಲ್ಲ. ಗಾಜಿನ ಹೆಂಚಿನ ಸುತ್ತಿನ ಎರಡು ಸಾಲು, ಮರದ ಕಡೆಯ ಅಂಚಿನ ಸಾಲು, ನೆತ್ತಿಯ ಪಕ್ಕದ ಸಾಲು ಸಾಕು.

ಈಗ ಕೊನೆಯ ಬಾಗಿಲು. ಮರಿಗಳೆಲ್ಲಾ ತಾಯಿಯ ಜೊತೆ ಓಡಾಡುತ್ತಿವೆ ಅಂತ ಬೂದಿಯಲ್ಲಿ ಚಿಕ್ಕ ದೊಡ್ಡ ಹೆಜ್ಜೆ ಎರಡೂ ಕಂಡ ಮೇಲೆ ಒಮ್ಮುಖ ಕದ ಕಟ್ಟಿ. ಸಂದಿಗಿಂತ ಎರಡೂ ಪಕ್ಕ ಮತ್ತು ಕೆಳಗೆ 2 ಇಂಚು ದೊಡ್ಡದಾದ ಜಾಲರಿ ತುಂಡು ತೆಗೆದುಕೊಳ್ಳಿ. ಕತ್ತರಿಸಿದ ಚೂಪು ತುದಿಗಳನ್ನು ಒಳಮಡಚಿ. ಮೇಲಂಚನ್ನು ಎರಡು ತಂತಿ ಬಳೆಯಿಂದ ಹೊರಗಡೆಗೆ ನೇತುಹಾಕಿ. ಒಳಗಿನಿಂದ ತಳ್ಳಿದರೆ ಏಳಬೇಕು, ಬಿಟ್ಟರೆ ತನ್ನ ಭಾರಕ್ಕೆ ಮುಚ್ಚಬೇಕು, ಹೊರಗಿನಿಂದ ಒಳಕ್ಕೆ ತಳ್ಳಿದರೆ ಅಂಚಿಗೆ ತಾಗಿ ನಿಲ್ಲಬೇಕು. ಕೋಲಿನಿಂದ ಪರೀಕ್ಷೆ ಮಾಡಿ. ಮೊದಲ ಎರಡು ರಾತ್ರಿ ಕದವನ್ನು ಮೇಲೆತ್ತಿ ಕಟ್ಟಿಡಿ, ಹೊಸ ವಸ್ತುವಿಗೆ ಹೆದರಿ ಒಳಗೇ ಉಳಿಯಬಾರದು. ಮೂರನೇ ರಾತ್ರಿ ಬಿಡಿ. ಆಮೇಲೆ ಒಳಗೆ ಹೊಸ ಬೂದಿ ಹಾಕಿ 3 ರಾತ್ರಿ ನೋಡಿ. ಒಂದೂ ಹೆಜ್ಜೆ ಇಲ್ಲದಿದ್ದರೆ ಕದ ತೆಗೆದು, ಸಂದು ಮುಚ್ಚಿ, ಗಾಜಿನ ಹೆಂಚು ಕೂರಿಸಿ. ಹೆಜ್ಜೆ ಕಂಡರೆ ಕದವನ್ನು ಮತ್ತೆ ಎತ್ತಿ ಕಟ್ಟಿ, ಯಾವುದೋ ಮರಿ ಒಳಗುಳಿದಿದೆ.

ಅದಾದ ಮೇಲೆ ಹಲಸಿನ ಕೊಂಬೆ ಕಡಿಸಿ. ಮಾಡಿಗೂ ಕೊಂಬೆಗೂ ಕನಿಷ್ಠ 8 ಅಡಿ ಅಂತರ ಇರಲಿ.

---

ಉಂಡೆಕೊಬ್ಬರಿ (ತಿಪಟೂರು)

ಇಲಿಯ ವಿಷಯ ನಾನು ಹೇಳುತ್ತೇನೆ, ಕೊಬ್ಬರಿಗೆ ನಿಜವಾದ ಶತ್ರು ಅದೇ.

ಪಾಷಾಣದಲ್ಲಿ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು. ಸತುವಿನ ಫಾಸ್ಫೈಡ್ ಕಪ್ಪು ಪುಡಿ. ಅದು ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. ಮನುಷ್ಯರು ಮಲಗುವ ಮನೆಯ ಅಟ್ಟದಲ್ಲಿ ಅದನ್ನು ಇಡಲೇಬಾರದು. ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಬಿಡುವುದೂ ಅದೇ ಅನಿಲ, ಅದನ್ನಂತೂ ಮನೆಯೊಳಗೆ ತರಲೇಬೇಡಿ. ಎರಡನೆಯದು ಬ್ರೋಮಾಡಯೊಲೋನ್ ಬಿಲ್ಲೆ. ತಿಂದ ಇಲಿ ಒಳಗೆ ರಕ್ತಸ್ರಾವವಾಗಿ ಸಾಯಲು ಹಲವು ದಿನ ಬೇಕು. ಅಷ್ಟರಲ್ಲಿ ಅದು ಮಂಕಾಗಿ ಓಡಾಡುವಾಗ ಮರಬೆಕ್ಕು, ಗೂಬೆ, ಮನೆ ಬೆಕ್ಕು ಹಿಡಿದು ತಿಂದರೆ ಅವಕ್ಕೂ ವಿಷ ಏರುತ್ತದೆ. ಉಳಿದವು 5,000 ಕಾಯಿಯ ಅಡಿಯಲ್ಲಿ ಎಲ್ಲೋ ಸತ್ತು ನಾರುತ್ತವೆ. ಇಲಿ ಆ ಬಿಲ್ಲೆಯನ್ನು ಹೊತ್ತುಕೊಂಡು ಹೋಗಿ ಕಾಯಿ ನಡುವೆ ಬಚ್ಚಿಡುವುದೂ ಉಂಟು. ತಿನ್ನುವ ಮಾಲಿನ ನಡುವೆ ವಿಷ ಇಟ್ಟರೆ ಆಮೇಲೆ ಆ ಮಾಲಿಗೆ ಯಾರು ಜವಾಬು?

ಅಂಟು ಹಲಗೆಯೂ ಬೇಡ. ಹಲ್ಲಿ, ಅಳಿಲು, ಹಾವು, ಮರಬೆಕ್ಕಿನ ಮರಿ ಎಲ್ಲವೂ ಅಂಟಿಕೊಂಡು ನರಳುತ್ತವೆ.

ಉಳಿಯುವುದು ಹೊಡೆಯುವ ಕತ್ತರಿ, ಅಂದರೆ ಸ್ಪ್ರಿಂಗಿನ ಇಲಿ ಕತ್ತರಿ. ಮರಿಗಳಿರುವ ಅಟ್ಟದಲ್ಲಿ ಅದನ್ನು ಬಯಲಿನಲ್ಲಿ ಇಡಬಾರದು. ಹಳೇ ಹಣ್ಣಿನ ಮರದ ಪೆಟ್ಟಿಗೆ ಕವುಚಿ, ಪಕ್ಕದಲ್ಲಿ 2 ಇಂಚಿನ ತೂತು ಮಾಡಿ, ಒಳಗೆ ಕತ್ತರಿ ಇಟ್ಟು, ಮೇಲೆ ಕಲ್ಲು ಹೇರಿ. ಇಲಿ ಹೋಗುತ್ತದೆ, ಮರಬೆಕ್ಕಿನ ಮರಿ ಹೋಗುವುದಿಲ್ಲ. ಇಲಿ ಗೋಡೆ ಅಂಚು ಹಿಡಿದು ಓಡುತ್ತದೆ, ಆದ್ದರಿಂದ ಪೆಟ್ಟಿಗೆ ಗೋಡೆಗೆ ಒತ್ತಿಕೊಂಡಿರಬೇಕು, ಕತ್ತರಿಯ ಆಹಾರ ಇಡುವ ತುದಿ ಗೋಡೆ ಕಡೆ ಇರಬೇಕು. ನಿಮ್ಮ ಅಟ್ಟಕ್ಕೆ 8-10 ಬೇಕು, 6-8 ಅಡಿಗೆ ಒಂದರಂತೆ. ಒಂದೋ ಎರಡೋ ಇಟ್ಟರೆ ಸಿಕ್ಕಿದ್ದು ಸಿಕ್ಕಿ, ಉಳಿದವು ಕಲಿತುಬಿಡುತ್ತವೆ.

ಆಹಾರ ಏನು ಅನ್ನುವುದರಲ್ಲಿ ಒಂದು ಸೂಕ್ಷ್ಮ ಇದೆ. ಕಾಯಿ ರಾಶಿಯ ಮೇಲೆ ಕೂತ ಇಲಿಗೆ ಕೊಬ್ಬರಿ ಚೂರು ಇಟ್ಟರೆ ಅದು ಮೂಸುವುದೂ ಇಲ್ಲ. ಅಲ್ಲಿ ಇಲ್ಲದ್ದನ್ನು ಇಡಿ, ಒಣಮೀನು, ಹುರಿದ ಕಡಲೆಕಾಯಿ ಬೀಜ, ಎಣ್ಣೆಯಲ್ಲಿ ಕರಿದ ವಡೆ ಇಂಥದ್ದು. ದಾರದಿಂದ ಕಟ್ಟಿ, ಸುಮ್ಮನೆ ಇಟ್ಟರೆ ಎಗರಿಸಿಕೊಂಡು ಹೋಗುತ್ತದೆ. ಮೊದಲ 3-4 ರಾತ್ರಿ ಸ್ಪ್ರಿಂಗ್ ಏರಿಸದೆ ಬರೀ ತಿನ್ನಲು ಬಿಡಿ. ಇಲಿಗೆ ಹೊಸ ವಸ್ತು ಅಂದರೆ ಅನುಮಾನ. ತಿನ್ನುವುದು ರೂಢಿಯಾದ ಮೇಲೆ ಎಲ್ಲವನ್ನೂ ಒಂದೇ ರಾತ್ರಿ ಏರಿಸಿ. ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕೈ ತೂರಿಸಿ ಎತ್ತಿ ಹೂಳಿ.

ತೆಂಗಿನ ಮರದಿಂದ ಮಾಡಿಗೆ ಇಲಿ ಇಳಿಯುತ್ತಿದ್ದರೆ ಮರಕ್ಕೆ ತಗಡಿನ ಪಟ್ಟಿ ಸುತ್ತಿಸಿ, ನೆಲದಿಂದ 6 ಅಡಿ ಮೇಲೆ, ಒಂದೂವರೆ ಅಡಿ ಅಗಲ, ನಯವಾದ ತಗಡು. ಮೊಳೆ ಹೊಡೆಯಬೇಡಿ, ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬರುತ್ತದೆ. ತಂತಿಯಿಂದ ಬಿಗಿದರೆ ಕಾಯಿ ಕೀಳುವವರು ಬಂದಾಗ ಬಿಚ್ಚಿ ಕಟ್ಟಲೂ ಸುಲಭ. ಗರಿ ಗರಿ ತಾಗುವ ಮರಗಳ ನಡುವೆ ಒಂದಕ್ಕೆ ಮಾತ್ರ ತಗಡು ಹಾಕಿ ಫಲವಿಲ್ಲ, ಪಕ್ಕದ ಮರ ಹತ್ತಿ ಈ ಮರಕ್ಕೆ ದಾಟುತ್ತದೆ.

ಈಗಿರುವ ಮಾಲಿನ ವಿಂಗಡಣೆ. ಸಿಪ್ಪೆ ಮಾತ್ರ ಹರಿದು ಚಿಪ್ಪು ಗಟ್ಟಿ ಇದ್ದರೆ ಕಾಯಿ ಚೆನ್ನಾಗಿದೆ, ಬೇರೆ ಇಡಿ, ಮೊದಲು ಸುಲಿಯಿರಿ. ಮೂತ್ರ ಬಿದ್ದ ಕಾಯಿಯನ್ನು ಅಟ್ಟದ ಮೇಲೆ ತೊಳೆಯಬೇಡಿ, ಇಳಿಸಿ ಬಿಸಿಲಿಗೆ ಒಣಗಿಸಿ, ಸುಲಿಯುವಾಗ ಸಿಪ್ಪೆಯ ಕೊಳೆ ಚಿಪ್ಪಿಗೆ ತಾಗದಂತೆ ನೋಡಿಕೊಳ್ಳಿ. ಚಿಪ್ಪಿಗೆ ಸಣ್ಣ ತೂತು ಬಿದ್ದಿದ್ದರೂ ಅದನ್ನು ತಿನ್ನುವ ಕೊಬ್ಬರಿಗೆ ಸೇರಿಸಬೇಡಿ. ಒಳಗೆ ಬೂಷ್ಟು ಹಿಡಿದಿರುತ್ತದೆ. ಆ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಕಾಯಿಸಿದರೂ ಹೋಗುವುದಿಲ್ಲ, ಯಕೃತ್ತಿಗೆ ಕೇಡು. ಹಸುವಿಗೂ ಹಾಕಬೇಡಿ, ಹಾಲಿಗೆ ಬರುತ್ತದೆ.

ಕಣಜ ಗೂಬೆ ಬಂದು ಕೂತರೆ ಓಡಿಸಬೇಡಿ. ಗೂಬೆ ಹೊಕ್ಕರೆ ಮನೆ ಬಿಡಬೇಕು ಅನ್ನುವ ನಂಬಿಕೆಗೆ ಎಷ್ಟೋ ಗೂಡು ಹಾಳಾಗಿವೆ. ಮರಿ ಸಾಕುವ ಗೂಬೆ ಜೋಡಿ ಹಿಡಿಯುವ ಇಲಿಯ ಲೆಕ್ಕಕ್ಕೆ ಯಾವ ಕತ್ತರಿಯೂ ಸಮ ಅಲ್ಲ.

---

ಚಪ್ಪಡಿಮನೆ (ಚಿಂತಾಮಣಿ)

ಇದೇ ಎಳೆಯಲ್ಲಿ ಒಂದು ಪ್ರಶ್ನೆ. ನಮ್ಮದು ಕಲ್ಲು ಚಪ್ಪಡಿ ಹೊದಿಸಿದ ಮನೆ, ಅಟ್ಟ ಇಲ್ಲ, ಸಜ್ಜೆ ಮಾತ್ರ. ಎರಡು ಚಪ್ಪಡಿ ಸೇರುವ ಕಡೆ ಗಾರೆ ಉದುರಿ ಬೆರಳು ತೂರುವಷ್ಟು ಸಂದಾಗಿದೆ. ಸಜ್ಜೆ ಮೇಲೆ ಕರಿ ಹಿಕ್ಕೆ ಬೀಳುತ್ತದೆ, ಒತ್ತಿದರೆ ಪುಡಿಯಾಗುತ್ತದೆ, ಪುಡಿಯಲ್ಲಿ ಮಿನುಗುವ ಚೂರುಗಳು. ಸಂಜೆ ಚಿಟಿಚಿಟಿ ದನಿ. ಇಲಿಯೇ?

---

ಇರುಳುನಡೆ (ತುಮಕೂರು)

ಅಲ್ಲ, ಹುಳು ತಿನ್ನುವ ಚಿಕ್ಕ ಬಾವಲಿ. ಇಲಿ ಹಿಕ್ಕೆ ಒಣಗಿದರೆ ಕಲ್ಲಿನಂತೆ ಗಟ್ಟಿ. ಬಾವಲಿಯದು ಪುಡಿಯಾಗುತ್ತದೆ, ಮಿನುಗುವುದು ಹುಳುಗಳ ರೆಕ್ಕೆ, ಚಿಪ್ಪಿನ ಚೂರು. ಸೊಳ್ಳೆ, ಬೆಳೆಯ ಪತಂಗ ತಿನ್ನುವ ಪ್ರಾಣಿ, ತೊಂದರೆ ಇಲ್ಲದಿದ್ದರೆ ಸಜ್ಜೆ ಮೇಲೆ ಒಂದು ಹಲಗೆ ಅಡ್ಡ ಹಾಕಿ ಹಿಕ್ಕೆಯನ್ನು ಗೊಬ್ಬರಕ್ಕೆ ಸೇರಿಸಿಕೊಳ್ಳಬಹುದು.

ಕಳಿಸಲೇಬೇಕಾದರೆ ಹೀಗೆ ಮಾಡಿ. ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆ ಹೊರಗೆ ನಿಂತು ಯಾವ ಸಂದಿನಿಂದ ಹೊರಡುತ್ತವೆ ನೋಡಿ. ಎಲ್ಲಾ ಹೋದ ಮೇಲೆ ಟಾರ್ಚ್ ಬಿಟ್ಟು ಸಂದಿನೊಳಗೆ ಹಾರಲಾರದ ಮರಿಗಳು ಅಂಟಿಕೊಂಡಿವೆಯೇ ನೋಡಿ. ಇದ್ದರೆ ಒಂದೂವರೆ ತಿಂಗಳು ಬಿಟ್ಟು ಮತ್ತೆ ನೋಡಿ. ಇಲ್ಲದಿದ್ದರೆ ಸಂದಿನ ಹೊರಬಾಯಿಗೆ 4-5 ಮಿ.ಮೀ. ಕಣ್ಣಿನ ಬಲೆಯನ್ನು ಪರದೆಯಂತೆ ಇಳಿಬಿಡಿ. ಮೇಲಂಚು, ಎರಡು ಪಕ್ಕ ಗೋಡೆಗೆ ಅಂಟಿರಲಿ, ಕೆಳಗಂಚು ತೆರೆದು ಸಂದಿಗಿಂತ ಒಂದೂವರೆ ಅಡಿ ಕೆಳಕ್ಕೆ ಬರಲಿ. ಹೊರಡುವಾಗ ತೆವಳಿ ಕೆಳಗಿನಿಂದ ಹಾರುತ್ತವೆ, ಮರಳಿ ಬಂದಾಗ ನೇರವಾಗಿ ಸಂದಿಗೆ ಬರಲು ನೋಡಿ ಬಲೆಗೆ ತಾಗುತ್ತವೆ, ಸುತ್ತಿ ಬರುವುದು ಅವಕ್ಕೆ ಹೊಳೆಯುವುದಿಲ್ಲ. ಒಂದು ವಾರ ಬಿಟ್ಟು ಗಾರೆಯಿಂದ ಮುಚ್ಚಿ. ಬಲೆ ಬಿಗಿಯಾಗಿರಬೇಕು, ಸಡಿಲ ಮಡಿಕೆಯಲ್ಲಿ ರೆಕ್ಕೆ ಸಿಕ್ಕಿ ಸಾಯುತ್ತವೆ. ಕೆಳಗೆ ಬಿದ್ದದ್ದನ್ನು ಬರಿಗೈಲಿ ಎತ್ತಬೇಡಿ.

---

ತೋಟದಮನೆ (ಗುಬ್ಬಿ ತಾಲ್ಲೂಕು)

ಎಲ್ಲರಿಗೂ ವಂದನೆ. ಮರಿ ಹೋಗುವ ತನಕ ಕಾಯುತ್ತೇವೆ, ಸೂರಿನ ಜಾಲರಿ ಕೆಲಸ ಈ ವಾರವೇ ಶುರು. ಕೊನೆಯದಾಗಿ, ಗೋಡೆ ತಲೆಯ ಲದ್ದಿ ಮತ್ತು ಹಲಗೆಯ ಕಲೆ ತೆಗೆಯುವುದು ಹೇಗೆ?

---

ಹೆಂಚುಕೆಲಸ (ಮಾಲೂರು)

ಒಣ ಲದ್ದಿಯನ್ನು ಪೊರಕೆಯಿಂದ ಗುಡಿಸಬೇಡಿ, ಧೂಳು ಎದೆಗೆ ಹೋಗುತ್ತದೆ. ಇಲಿ ಮೂತ್ರ ಬೆರೆತಿರುವುದರಿಂದ ಇಲಿ ಜ್ವರದ ಭಯವೂ ಇದೆ, ಕೈಕಾಲಿನಲ್ಲಿ ಗಾಯ ಇರುವವರು ಈ ಕೆಲಸಕ್ಕೆ ಹತ್ತಬಾರದು. ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ತುಂಬು ತೋಳಿನ ಅಂಗಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಸಿಂಪಡಿಸಿ, 10 ನಿಮಿಷ ನೆನೆಯಲಿ, ಆಮೇಲೆ ತಗಡಿನ ಚೂರಿನಿಂದ ಕೆರೆದು ಚೀಲಕ್ಕೆ ಹಾಕಿ ಹೂಳಿ. ಮೂತ್ರ ಹೆಚ್ಚು ನಿಂತ ಜಾಗಕ್ಕೆ ಬ್ಲೀಚ್ ಬೀಳುವ ಮೊದಲು ನೀರು ಹೊಯ್ದು ಒರೆಸಿಕೊಳ್ಳಿ, ಎರಡೂ ಸೇರಿದರೆ ಕಣ್ಣು ಗಂಟಲು ಉರಿಸುವ ಅನಿಲ ಏಳುತ್ತದೆ. ಕಾಯಿಯ ಮೇಲೆ ಸಿಡಿಯದಂತೆ ಟಾರ್ಪಾಲು ಮುಚ್ಚಿರಿ. ಮರಿಗಳಿರುವಾಗ ಈ ಕೆಲಸ ಬೇಡ, ಒಮ್ಮುಖ ಕದ ತೆಗೆದ ಮೇಲೆ ಮಾಡಿ.

ಹಲಗೆಯ ಕಲೆಗೆ ಸೋಪಿನ ನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಮೇಲ್ಗಡೆಯಿಂದ ಸುಣ್ಣ ಬಳಿಯಿರಿ. ವಾಸನೆ ಉಳಿದರೆ ಅದೇ ಗುರುತು ಹಿಡಿದು ಇನ್ನೊಂದು ಮರಬೆಕ್ಕು ಬಂದು ಜಾಲರಿ ಕೆರೆಯುತ್ತದೆ. ಮುಂಗಾರಿಗೆ ಮೊದಲು ಹೆಂಚು ಕೈಯಾಡಿಸುವಾಗಲೆಲ್ಲಾ ಜಾಲರಿಯ ಸೇರಿಕೆಗಳನ್ನು ಕೈಯಿಂದ ಎಳೆದು ನೋಡಿ, ತುಕ್ಕು ಹಿಡಿದ ಕಟ್ಟುತಂತಿ ಬದಲಾಯಿಸಿ.